ಸಣ್ಣ ಕಾಲೇಜಿನ ತಂತ್ರಜ್ಞಾನ ಯೋಜನೆ: ಹನ್ನೆರಡು ಲಕ್ಷದಲ್ಲಿ ಮೊದಲ ಖರ್ಚು ಯಾವುದಕ್ಕೆ?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಅಧ್ಯಾಪಕ. ಬಿ.ಎ., ಬಿ.ಕಾಂ., ಬಿ.ಸಿ.ಎ. ಸೇರಿ 480 ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು. ಹಳೆಯ ವಿದ್ಯಾರ್ಥಿಗಳು ಮತ್ತು ಆಡಳಿತ ಮಂಡಳಿಯವರು ವಿದ್ಯಾರ್ಥಿಗಳಿಗೆ ತಂತ್ರಜ್ಞಾನ ಸೌಲಭ್ಯ ಒದಗಿಸಲೆಂದು 12 ಲಕ್ಷ ರೂಪಾಯಿ ಕೂಡಿಸಿದ್ದಾರೆ. ಸಮಿತಿಯ ಸಂಚಾಲಕತ್ವ ನನ್ನ ಮೇಲೆ ಬಿದ್ದಿದೆ. ಪ್ರಯೋಗಾಲಯದಲ್ಲಿ 34 ಹಳೆಯ ಕಂಪ್ಯೂಟರುಗಳಿವೆ. ಒಂದು ಕಂಪನಿಯವರು ಸ್ಮಾರ್ಟ್ ಬೋರ್ಡು, ಇಡೀ ಆವರಣಕ್ಕೆ ವೈಫೈ, ಮುಖ ನೋಡಿ ಹಾಜರಿ ಹಾಕುವ ಯಂತ್ರ ಮತ್ತು ಕಾಲೇಜಿನದೇ ಒಂದು ಆ್ಯಪ್ ಸೇರಿಸಿ ಕೊಟೇಶನ್ ಕೊಟ್ಟಿದ್ದಾರೆ. ಈ ತಿಂಗಳೊಳಗೆ ಸಹಿ ಹಾಕಿದರೆ ರಿಯಾಯಿತಿ ಎನ್ನುತ್ತಾರೆ. ಮೊದಲು ಏನು ಮಾಡಬೇಕು? ಮೊಬೈಲ್, ವೈಫೈ, ಎಐ ಬಳಕೆಗೆ ಎಂಥ ನಿಯಮಗಳಿರಬೇಕು?

ಉತ್ತರ:

ಮಾನ್ಯರೇ, ಮೊದಲಿಗೆ ಆ ತಿಂಗಳ ಗಡುವನ್ನು ಬದಿಗಿಡಿ. ತಮ್ಮ ಕೈಯಲ್ಲಿರುವ ಹಣ ಒಂದೇ ಸಲ ಬಂದದ್ದು. ಅದರಿಂದ ಕೊಳ್ಳುವ ವಸ್ತುಗಳಾದರೋ ವರ್ಷವರ್ಷವೂ ಖರ್ಚು ಕೇಳುವಂಥವು. ಇಂಟರ್ನೆಟ್ ಬಿಲ್ಲು, ಯುಪಿಎಸ್‌ಗೆ ಹೊಸ ಬ್ಯಾಟರಿ, ವಾರ್ಷಿಕ ನಿರ್ವಹಣಾ ಒಪ್ಪಂದ, ಆ್ಯಪ್‌ನ ನವೀಕರಣ ಶುಲ್ಕ, ಕೆಟ್ಟುಹೋದ ಸ್ಮಾರ್ಟ್ ಬೋರ್ಡಿನ ದುರಸ್ತಿ ಇವೆಲ್ಲ ಎರಡನೆಯ ವರ್ಷದಿಂದ ಎದುರಾಗುತ್ತವೆ, ಆಗ ದಾನಿಗಳು ಎದುರಿಗಿರುವುದಿಲ್ಲ. ಆದ್ದರಿಂದ ಸಮಿತಿಯ ಮೊದಲ ಸಭೆಯಲ್ಲಿ ಚರ್ಚೆಯಾಗಬೇಕಾದದ್ದು ಯಾವ ಯಂತ್ರ ಕೊಳ್ಳಬೇಕೆಂಬುದಲ್ಲ. ಕೊಂಡದ್ದನ್ನು ಪ್ರತಿದಿನ ನೋಡಿಕೊಳ್ಳುವವರು ಯಾರು, ಅವರ ಸಂಬಳ ಎಲ್ಲಿಂದ ಬರುತ್ತದೆ ಎಂಬುದು.

ನನ್ನ ಸಲಹೆ ತಮ್ಮ ಆಡಳಿತ ಮಂಡಳಿಗೆ ರುಚಿಸದೆ ಇರಬಹುದು, ಆದರೂ ಸ್ಪಷ್ಟವಾಗಿ ಹೇಳುತ್ತೇನೆ: ಈ ಹಣದ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಒಬ್ಬ ವ್ಯಕ್ತಿಗಾಗಿ ತೆಗೆದಿಡಿ. ತಮ್ಮಲ್ಲೇ ಬಿ.ಸಿ.ಎ. ಮುಗಿಸಿದ, ಊರಿನಲ್ಲೇ ಇರುವ, ತಾಳ್ಮೆಯಿಂದ ಮಾತನಾಡಬಲ್ಲ ಒಬ್ಬರನ್ನು ತಿಂಗಳಿಗೆ 18,000 ರೂಪಾಯಿಯಂತೆ ನೇಮಿಸಿಕೊಂಡರೆ ಮೂರು ವರ್ಷಕ್ಕೆ 6,48,000 ರೂಪಾಯಿ ಆಗುತ್ತದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ಕೆಲಸಕ್ಕೆ ಒಂದು ವಿಭಾಗವೇ ಇರುತ್ತದೆ. ಸಣ್ಣ ಕಾಲೇಜುಗಳಲ್ಲಿ ಅದು ಕಂಪ್ಯೂಟರ್ ಬಲ್ಲ ಯಾವುದೋ ಅಧ್ಯಾಪಕರ ಹೆಗಲೇರಿ, ಅವರು ವರ್ಗವಾಗಿಯೋ ನಿವೃತ್ತರಾಗಿಯೋ ಹೊರಟ ದಿನ ಪಾಸ್‌ವರ್ಡುಗಳೂ ಅವರೊಂದಿಗೇ ಹೊರಟುಹೋಗುತ್ತವೆ. ಮೂರು ವರ್ಷದಲ್ಲಿ ಈ ಹುದ್ದೆಯ ಉಪಯೋಗ ಎಲ್ಲರ ಕಣ್ಣಿಗೆ ಕಂಡರೆ, ಮುಂದಕ್ಕೆ ಅದನ್ನು ಕಾಲೇಜಿನ ಆಯವ್ಯಯದಲ್ಲೇ ಸೇರಿಸಿಕೊಳ್ಳುವಂತೆ ಕೇಳಲು ತಮಗೆ ಬಲ ಬರುತ್ತದೆ.

ಎರಡನೆಯದಾಗಿ, ವಿದ್ಯಾರ್ಥಿಗಳು ಈಗ ತಂತ್ರಜ್ಞಾನವನ್ನು ಎಲ್ಲಿ, ಹೇಗೆ, ಎಷ್ಟು ಖರ್ಚಿನಲ್ಲಿ ಬಳಸುತ್ತಿದ್ದಾರೆಂದು ತಿಳಿದುಕೊಳ್ಳಬೇಕು. ಇದಕ್ಕೆ ಗೂಗಲ್ ಫಾರ್ಮ್ ಕಳುಹಿಸಬೇಡಿ. ಸ್ವಂತ ಮೊಬೈಲ್ ಇಲ್ಲದವರು ಅದನ್ನು ತುಂಬುವುದಿಲ್ಲ, ತಮಗೆ ಮುಖ್ಯವಾಗಿ ಬೇಕಾದದ್ದು ಅವರ ಉತ್ತರವೇ. ತರಗತಿಯಲ್ಲಿ ಒಂದು ಹಾಳೆ ಹಂಚಿ, ಹೆಸರು ಬರೆಸದೆ, ಕನ್ನಡದಲ್ಲಿ ಕೇಳಿ: ಮೊಬೈಲ್ ನಿಮ್ಮದೋ, ಮನೆಯವರೆಲ್ಲರದೋ? ದಿನದ ಡೇಟಾ ಮುಗಿದ ಮೇಲೆ ಏನು ಮಾಡುತ್ತೀರಿ? ನಿಮ್ಮ ಊರಿನಲ್ಲಿ ಮನೆಯೊಳಗೆ ಸಿಗ್ನಲ್ ಬರುತ್ತದೆಯೇ? ಕಳೆದ ವರ್ಷ ಅರ್ಜಿ ತುಂಬಿಸಲು ಸೈಬರ್ ಸೆಂಟರಿಗೆ ಎಷ್ಟು ಸಲ ಹೋದಿರಿ, ಎಷ್ಟು ಕೊಟ್ಟಿರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರಗಳನ್ನು ಪ್ರಾಂಶುಪಾಲರು ಖುದ್ದಾಗಿ ಓದಬೇಕೆಂದು ನನ್ನ ಆಗ್ರಹ.

ನಾನು ಹೀಗೆನ್ನಲು ಕಾರಣವಿದೆ. ನಮ್ಮ ರಾಜ್ಯದ ಪದವಿ ವಿದ್ಯಾರ್ಥಿಗೆ ತಂತ್ರಜ್ಞಾನವು ಪಾಠಕ್ಕಿಂತ ಮೊದಲು ಎದುರಾಗುವುದು ಅರ್ಜಿಯ ರೂಪದಲ್ಲಿ. ಹಲವು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಎಂಬ ರಾಜ್ಯದ ಏಕೀಕೃತ ವಿಶ್ವವಿದ್ಯಾಲಯ-ಕಾಲೇಜು ನಿರ್ವಹಣಾ ಪೋರ್ಟಲ್‌ನಲ್ಲಿವೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಇದೆ. ಅಂಕಪಟ್ಟಿಗೆ ಡಿಜಿಲಾಕರ್, ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಇವೆ. ಇವುಗಳಲ್ಲಿ ಎಲ್ಲಾದರೂ ಒಂದು ಕಡೆ ಹೆಸರಿನ ಒಂದಕ್ಷರ ಹೊಂದದಿದ್ದರೂ ಕೆಲಸ ನಿಂತುಬಿಡುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಆಧಾರ್‌ಗೆ ಜೋಡಿಸಿದ ಸಿಮ್ ಅಪ್ಪ ಯಾವತ್ತೋ ಬಿಟ್ಟ ನಂಬರಿನದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಎಂಬ ಗುರುತಿನ ಸಂಖ್ಯೆಯ ಅವಧಿ ಮುಗಿದಿದೆ. ಬ್ಯಾಂಕ್ ಖಾತೆಯ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟಿದ್ದೇವೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ವಿದ್ಯಾರ್ಥಿವೇತನದಂಥ ನೇರ ವರ್ಗಾವಣೆಯ ಹಣ ಹೋಗುವುದು ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೆ. ಆ ಜೋಡಣೆಗೆ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು. ಇದನ್ನು ವಿದ್ಯಾರ್ಥಿಗೆ ಬಿಡಿಸಿ ಹೇಳುವವರು ಕಾಲೇಜಿನಲ್ಲಿ ಒಬ್ಬರಾದರೂ ಇರಬೇಕು. ಇಲ್ಲದಿದ್ದರೆ ಮಂಜೂರಾದ ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದರಲ್ಲೇ ಸೆಮಿಸ್ಟರ್ ಕಳೆದುಹೋಗುತ್ತದೆ.

ಹಾಗಾಗಿ ತಮ್ಮ ಕಾಲೇಜು ಒದಗಿಸಬೇಕಾದ ಮೊದಲ ತಂತ್ರಜ್ಞಾನ ಸೇವೆ ಒಂದು ಸಹಾಯ ಕೇಂದ್ರ. ಗ್ರಂಥಾಲಯದ ಮೂಲೆಯಲ್ಲಿ ಎರಡು ಕಂಪ್ಯೂಟರು, ಒಂದು ಸ್ಕ್ಯಾನರು, ಒಂದು ಪ್ರಿಂಟರು, ಮೇಲೆ ಹೇಳಿದ ಆ ಒಬ್ಬ ವ್ಯಕ್ತಿ, ಇಷ್ಟೇ ಸಾಕು. ಸಮಯವನ್ನು ಬಸ್ಸಿನ ವೇಳೆ ನೋಡಿ ಗೊತ್ತುಮಾಡಿ. ಸಂಜೆ ನಾಲ್ಕೂವರೆಗೆ ತೆರೆಯುವ ಕೇಂದ್ರದಿಂದ ನಾಲ್ಕು ಗಂಟೆಯ ಬಸ್ಸು ಹಿಡಿಯುವ ಹುಡುಗಿಗೆ ಪ್ರಯೋಜನವಿಲ್ಲ. ಇಲ್ಲಿ ಒಂದು ನಿಯಮ ಅತ್ಯಂತ ಕಟ್ಟುನಿಟ್ಟಾಗಿರಲಿ: ಕೇಂದ್ರದ ಸಿಬ್ಬಂದಿ ಯಾರ ಪಾಸ್‌ವರ್ಡನ್ನೂ ಬರೆದಿಟ್ಟುಕೊಳ್ಳಬಾರದು, ಒಟಿಪಿಯನ್ನು ವಿದ್ಯಾರ್ಥಿಯೇ ಒತ್ತಬೇಕು, ಖಾತೆಯಲ್ಲಿ ದಾಖಲಾಗುವ ಮೊಬೈಲ್ ಸಂಖ್ಯೆಯೂ ಇಮೇಲ್ ವಿಳಾಸವೂ ವಿದ್ಯಾರ್ಥಿಯದೇ ಆಗಿರಬೇಕು. ಆತುರದಲ್ಲಿ ಸೈಬರ್ ಸೆಂಟರಿನವರ ಇಮೇಲ್ ಕೊಟ್ಟು ನೋಂದಾಯಿಸಿಕೊಂಡವರು ಮೂರು ವರ್ಷವೂ ಪ್ರತಿ ಅರ್ಜಿಗೆ ಅದೇ ಅಂಗಡಿಯ ಮುಂದೆ ನಿಲ್ಲಬೇಕಾಗುತ್ತದೆ. ಮೊದಲ ವರ್ಷದವರು ಸೇರಿದ ವಾರದಲ್ಲೇ ಪ್ರತಿಯೊಬ್ಬರ ಹೆಸರು, ಮೊಬೈಲ್ ಸಂಖ್ಯೆ, ಇಮೇಲ್, ಬ್ಯಾಂಕ್ ಜೋಡಣೆ ಈ ನಾಲ್ಕನ್ನು ಅವರೊಂದಿಗೇ ಕುಳಿತು ಪರಿಶೀಲಿಸಿಬಿಟ್ಟರೆ ಉಳಿದ ಮೂರು ವರ್ಷದ ಗೋಳು ಬಹುಮಟ್ಟಿಗೆ ತಪ್ಪುತ್ತದೆ.

ಇಮೇಲ್ ಎಂದಾಗ ಕಾಲೇಜಿನ ಸ್ವಂತ ಡೊಮೈನ್, ಅಂದರೆ ಇಂಟರ್ನೆಟ್ ವಿಳಾಸದ ವಿಷಯ ಬರುತ್ತದೆ. ಎಸಿ ಡಾಟ್ ಇನ್ ಅಥವಾ ಇಡಿಯು ಡಾಟ್ ಇನ್ ಎಂದು ಕೊನೆಗೊಳ್ಳುವ ವಿಳಾಸಗಳನ್ನು ನಮ್ಮ ದೇಶದಲ್ಲಿ ಕೊಡುವುದು ಅರ್ನೆಟ್ ಇಂಡಿಯಾ ಸಂಸ್ಥೆ. ಅದು ಸಿಕ್ಕಿದ ಮೇಲೆ ಗೂಗಲ್ ಅಥವಾ ಮೈಕ್ರೋಸಾಫ್ಟ್ ಕಂಪನಿಯ ಶಿಕ್ಷಣ ಆವೃತ್ತಿಗೆ ಅರ್ಜಿ ಹಾಕಬಹುದು. ಎರಡರಲ್ಲೂ ಆರಂಭಿಕ ಹಂತ ಉಚಿತ. ಇಮೇಲ್, ತರಗತಿಯ ಟಿಪ್ಪಣಿಗಳು, ಕಿರುಪರೀಕ್ಷೆ, ನಿಯೋಜಿತ ಕಾರ್ಯ ಸಲ್ಲಿಕೆ ಎಲ್ಲಕ್ಕೂ 480 ವಿದ್ಯಾರ್ಥಿಗಳ ಕಾಲೇಜಿಗೆ ಅದು ಧಾರಾಳವಾಗಿ ಸಾಕು, ಕಾಲೇಜಿನದೇ ಆ್ಯಪ್ ಬೇಕಾಗುವುದಿಲ್ಲ. ಆನ್‌ಲೈನ್ ತರಗತಿ ನಿರ್ವಹಣೆಗೆ ಮೂಡಲ್ ಒಳ್ಳೆಯ ತಂತ್ರಾಂಶ, ಮುಕ್ತವೂ ಹೌದು. ಆದರೆ ಅದರ ಸರ್ವರನ್ನು ನೋಡಿಕೊಳ್ಳಲು ಬಲ್ಲವರು ಸಿಗುವವರೆಗೆ ಅದನ್ನು ಮುಂದೂಡುವುದು ಲೇಸು. ಆಡಳಿತಗಾರ ಖಾತೆ ಇಬ್ಬರ ಕೈಯಲ್ಲಿರಲಿ. ಅದರ ಪಾಸ್‌ವರ್ಡ್ ಲಕೋಟೆಯಲ್ಲಿ ಮುಚ್ಚಿ ಪ್ರಾಂಶುಪಾಲರ ಕಪಾಟಿನಲ್ಲಿರಲಿ. ವಿದ್ಯಾರ್ಥಿಯು ಕಾಲೇಜು ಬಿಟ್ಟ ಮೇಲೆ ಖಾತೆ ಎಷ್ಟು ತಿಂಗಳು ಇರುತ್ತದೆ ಎಂಬುದನ್ನು ಸೇರುವ ದಿನವೇ ತಿಳಿಸಿ. ಒಂದು ವರ್ಷ ಬಿಡುವುದು ನ್ಯಾಯ, ಏಕೆಂದರೆ ಕೆಲಸಕ್ಕೂ ಸ್ನಾತಕೋತ್ತರ ಪದವಿಗೂ ಹಾಕಿದ ಅರ್ಜಿಗಳ ಉತ್ತರ ಅದೇ ವಿಳಾಸಕ್ಕೆ ಬರುತ್ತಿರುತ್ತದೆ.

ವಾಟ್ಸಾಪ್ ಗುಂಪುಗಳನ್ನು ನಿಲ್ಲಿಸಲು ತಮ್ಮಿಂದಾಗದು, ನಿಲ್ಲಿಸಲೂ ಬೇಡಿ. ಆದರೆ ನೂರಾರು ಜನರ ಗುಂಪಿನಲ್ಲಿ ಹೆಣ್ಣುಮಕ್ಕಳ ಮೊಬೈಲ್ ಸಂಖ್ಯೆ ಎಲ್ಲರಿಗೂ ಕಾಣುವಂತಿರುವುದು ದೊಡ್ಡ ತೊಂದರೆಗೆ ಹಾದಿ. ಸೂಚನೆಗಳಿಗೆ ಚಾನೆಲ್ ಬಳಸಿದರೆ ಸದಸ್ಯರ ಸಂಖ್ಯೆಗಳು ಪರಸ್ಪರ ಕಾಣುವುದಿಲ್ಲ. ಚಾನೆಲ್‌ನಲ್ಲಿ ಹಾಕಿದ ಪ್ರತಿ ಸೂಚನೆಯೂ ಸೂಚನಾ ಫಲಕದ ಮೇಲೆ ಕಾಗದದಲ್ಲೂ ಇರಬೇಕು. ಮೊಬೈಲ್ ಇಲ್ಲ ಎಂಬ ಕಾರಣಕ್ಕೆ ಯಾರೂ ಪರೀಕ್ಷಾ ಶುಲ್ಕದ ಕೊನೆಯ ದಿನ ತಪ್ಪಿಸಿಕೊಳ್ಳುವಂತಾಗಬಾರದು. ಸುತ್ತೋಲೆಗಳನ್ನು ಎಲ್ಲ ಸಾಧನಗಳಲ್ಲೂ ಸರಿಯಾಗಿ ಕಾಣುವ ಯುನಿಕೋಡ್ ಅಕ್ಷರಗಳಲ್ಲೇ ಬೆರಳಚ್ಚು ಮಾಡಿಸಿ. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಮಾಡಿದ ಕಡತ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಅದರ ಫೋಟೋ ತೆಗೆದು ಕಳಿಸಿದರೆ ದೃಷ್ಟಿದೋಷವುಳ್ಳ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಯುನಿಕೋಡ್ ಕನ್ನಡವನ್ನು ಓದಿ ಹೇಳುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಂತೆ ಇಂಥ ಅನುಕೂಲ ಕಲ್ಪಿಸುವುದು ಸಂಸ್ಥೆಯ ಕರ್ತವ್ಯ. ನೋಟೀಸು ಯುನಿಕೋಡ್‌ನಲ್ಲಿರಲಿ ಎಂಬ ಒಂದು ಸಾಲಿನ ತೀರ್ಮಾನಕ್ಕೆ ಹಣ ಖರ್ಚಾಗುವುದಿಲ್ಲ, ಅದನ್ನು ನಾಳೆಯೇ ಜಾರಿಗೆ ತರಬಹುದು.

ಪ್ರಯೋಗಾಲಯದ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತಮ್ಮ ಹಳೆಯ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 11ಕ್ಕೆ ಬೇಕಾದ ಅರ್ಹತೆ ಪಡೆಯಲಾರವು. ಹಾಗೆಂದು ಎಲ್ಲವನ್ನೂ ಎಸೆಯಬೇಕಾಗಿಲ್ಲ. ಒಂದೊಂದಕ್ಕೂ ಹಳೆಯ ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿ, ಮೆಮೊರಿ ಹೆಚ್ಚಿಸಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದರೆ, ಹೊಸ ಯಂತ್ರದ ಬೆಲೆಯ ಸಣ್ಣ ಪಾಲಿನಲ್ಲಿ ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆಯುತ್ತವೆ, ಬಿ.ಸಿ.ಎ. ವಿದ್ಯಾರ್ಥಿಗಳಿಗೆ ಲಿನಕ್ಸ್ ಕಲಿತದ್ದೂ ಆಗುತ್ತದೆ. ಬಿ.ಕಾಂ. ವಿದ್ಯಾರ್ಥಿಗಳಿಗೆ ಲೆಕ್ಕ ಇಡುವ ತಂತ್ರಾಂಶವಾದ ಟ್ಯಾಲಿ ಬೇಕು, ಅದು ನಡೆಯುವುದು ವಿಂಡೋಸ್‌ನಲ್ಲಿ. ಆದ್ದರಿಂದ ಎಂಟೋ ಹತ್ತೋ ಹೊಸ ಯಂತ್ರಗಳನ್ನು ಮಾತ್ರ ಕೊಂಡು ಸರದಿಯಂತೆ ಬಳಸಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಹಲವು ಕನ್ನಡದಲ್ಲೂ ಇವೆ, ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ಇವೆಲ್ಲಕ್ಕಿಂತ ಮುಂಚೆ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ. ಯುಪಿಎಸ್ ಬ್ಯಾಟರಿಗಳು ಮೂರರಿಂದ ಐದು ವರ್ಷ ಬಾಳುತ್ತವೆ ಎಂದು ಲೆಕ್ಕ ಹಿಡಿದು ಈಗಿನಿಂದಲೇ ಅದಕ್ಕೆ ಹಣ ತೆಗೆದಿಡಿ.

ಇಡೀ ಆವರಣಕ್ಕೆ ವೈಫೈ ಬೇಡ. ಸಾಧಾರಣ ಗುಣಮಟ್ಟದ ವೀಡಿಯೊ ನೋಡುವ ಒಂದು ಮೊಬೈಲ್ ಸುಮಾರು ಒಂದರಿಂದ ಒಂದೂವರೆ ಎಂಬಿಪಿಎಸ್ (ಇಂಟರ್ನೆಟ್ ವೇಗದ ಅಳತೆ) ಎಳೆಯುತ್ತದೆ; ನೂರು ಎಂಬಿಪಿಎಸ್ ಸಂಪರ್ಕವನ್ನು ಎಪ್ಪತ್ತು ವಿದ್ಯಾರ್ಥಿಗಳು ಒಟ್ಟಿಗೆ ಮುಗಿಸಿಬಿಡಬಲ್ಲರು. ಗ್ರಂಥಾಲಯ, ಪ್ರಯೋಗಾಲಯ, ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿ, ಈ ಮೂರು ಕಡೆ ಚೆನ್ನಾಗಿ ಸಿಗುವ ಸಂಪರ್ಕವು ಎಲ್ಲ ಕಡೆ ಕೈಕೊಡುವ ಸಂಪರ್ಕಕ್ಕಿಂತ ಎಷ್ಟೋ ಮೇಲು. ಕಚೇರಿಯ ಜಾಲವೂ ವಿದ್ಯಾರ್ಥಿಗಳ ಜಾಲವೂ ಬೇರೆಬೇರೆ ಇರಬೇಕು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡದೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಕೊಡಿ. ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು, ಅಂದರೆ ಬಳಕೆಯ ದಾಖಲೆಗಳನ್ನು, 180 ದಿನ ಕಾಯ್ದಿಡಬೇಕೆಂದೂ, ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದೂ ಹೇಳುತ್ತದೆ. ಸಣ್ಣ ಕಾಲೇಜೂ ಇದನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ಕ್ಷೇಮ. ಹಾಗೆ ದಾಖಲೆ ಇಡುತ್ತಿರುವುದನ್ನು ವಿದ್ಯಾರ್ಥಿಗಳಿಗೂ ಹೇಳಿಬಿಡಿ. ಯಾರು ಯಾವಾಗ ಸಂಪರ್ಕ ಪಡೆದರೆಂಬ ದಾಖಲೆಯನ್ನು ದೂರು ಬಂದಾಗ ಮಾತ್ರ, ಪ್ರಾಂಶುಪಾಲರ ಲಿಖಿತ ಅನುಮತಿಯಿಂದ ನೋಡಬೇಕು. ಯಾವ ಹುಡುಗಿ ಯಾರೊಡನೆ ಮಾತನಾಡಿದಳೆಂದು ತಿಳಿಯುವ ಕುತೂಹಲಕ್ಕೆ ಅದು ಸಾಧನವಾಗಬಾರದು.

ಇಲ್ಲಿಂದ ನಿಯಮಗಳ ಪ್ರಶ್ನೆಗೆ ಬರುತ್ತೇನೆ. ಕೋಳಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವಿತ್ತು. ಅದನ್ನು ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಹಾಕಲಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿ, ಆಕೆಯನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಆ ತೀರ್ಪಿಗೆ ಆಧಾರವಾದ ಖಾಸಗಿತನದ ಹಕ್ಕನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಎತ್ತಿಹಿಡಿದದ್ದು, ನಮ್ಮದೇ ರಾಜ್ಯದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ ಮೊದಲಾದ ಪ್ರಕರಣದಲ್ಲಿ. ಕೇರಳದ ತೀರ್ಪು ಕರ್ನಾಟಕದ ಕಾಲೇಜನ್ನು ನೇರವಾಗಿ ಕಟ್ಟಿಹಾಕುವುದಿಲ್ಲವಾದರೂ, ಮೊಬೈಲ್ ತಂದರೆ ಜಪ್ತಿ ಎಂದು ಫಲಕ ತೂಗುಹಾಕುವ ಮುನ್ನ ಅದನ್ನು ಓದಿಕೊಳ್ಳುವುದು ಒಳ್ಳೆಯದು. ಪಾಠ ನಡೆಯುವಾಗ ಮೊಬೈಲ್ ಚೀಲದಲ್ಲಿರಲಿ, ಅಧ್ಯಾಪಕರು ಹೇಳಿದಾಗ ಮಾತ್ರ ಹೊರಬರಲಿ ಎಂಬುದು ಸಮರ್ಥನೀಯ ನಿಯಮ. ಆವರಣದಲ್ಲೆಲ್ಲ ನಿಷೇಧ ಹೇರುವುದು ಹಾಗಲ್ಲ. ಎಲ್ಲ ಸೂಚನೆಗಳನ್ನೂ ಮೊಬೈಲಿಗೇ ಕಳಿಸುವ ಕಾಲೇಜು ಮೊಬೈಲ್ ತರಬಾರದೆಂದರೆ ಆ ನಿಯಮವನ್ನು ಯಾರೂ ಗೌರವಿಸುವುದಿಲ್ಲ.

ಮುಖ ಗುರುತಿಸುವ ಹಾಜರಿ ಯಂತ್ರ ಖಂಡಿತ ಬೇಡ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಗೆ ಬರುತ್ತವೆ. ದತ್ತಾಂಶವನ್ನು ಸರಿಯಾಗಿ ಕಾಪಾಡದೆ ಸೋರಿಹೋದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. 18 ತುಂಬದವರನ್ನು ಕಾಯ್ದೆಯು ಮಕ್ಕಳೆಂದೇ ಪರಿಗಣಿಸುತ್ತದೆ; ಶಿಕ್ಷಣ ಸಂಸ್ಥೆಗಳಿಗೆ ಕಲಿಕೆ ಮತ್ತು ಸುರಕ್ಷತೆಯ ಮಟ್ಟಿಗೆ ಕೆಲವು ವಿನಾಯಿತಿಗಳಿದ್ದರೂ, ತಮ್ಮ ಮೊದಲ ವರ್ಷದ ತರಗತಿಯಲ್ಲಿ ಅಂಥವರು ಕೆಲವರಾದರೂ ಇರುತ್ತಾರೆಂಬುದನ್ನು ನೆನಪಿಡಬೇಕು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಮುಖವನ್ನು ಬದಲಾಯಿಸಲಾಗದು. ಅರವತ್ತು ಜನರ ತರಗತಿಯಲ್ಲಿ ಹೆಸರು ಕೂಗಲು ಐದು ನಿಮಿಷ ಸಾಕು, ಅಧ್ಯಾಪಕರಿಗೆ ವಿದ್ಯಾರ್ಥಿಗಳ ಹೆಸರು ತಿಳಿಯುವುದೂ ಅದರಿಂದಲೇ.

ನಿಯಮಾವಳಿ ಎರಡು ಪುಟ ಮೀರದಿರಲಿ, ಕನ್ನಡದಲ್ಲಿರಲಿ, ಅದನ್ನು ಬರೆಯುವ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳಾದರೂ ಇರಲಿ. ಅವರಲ್ಲಿ ಒಬ್ಬರು ಬಸ್ಸಿನಲ್ಲಿ ಬರುವ ಹಳ್ಳಿಯ ಹುಡುಗಿಯಾಗಿರಲಿ. ಮೊದಲ ಪುಟದಲ್ಲಿ ಕಾಲೇಜು ವಿದ್ಯಾರ್ಥಿಗೆ ಏನು ಮಾಡುತ್ತದೆ, ಅವರ ಯಾವ ಮಾಹಿತಿ ಇಟ್ಟುಕೊಳ್ಳುತ್ತದೆ, ಎಷ್ಟು ಕಾಲ, ಯಾರು ನೋಡಬಲ್ಲರು ಎಂಬುದನ್ನು ಬರೆಯಿರಿ. ವಿದ್ಯಾರ್ಥಿ ಪಾಲಿಸಬೇಕಾದದ್ದು ಎರಡನೆಯ ಪುಟಕ್ಕೆ ಬರಲಿ: ಇತರರ ಖಾತೆ ಬಳಸಬಾರದು, ಒಪ್ಪಿಗೆಯಿಲ್ಲದೆ ಯಾರ ಫೋಟೋವನ್ನೂ ವೀಡಿಯೊವನ್ನೂ ತೆಗೆಯಬಾರದು, ಹಂಚಬಾರದು, ಹೀಗೆ. ಫೋಟೋ ತಿರುಚಿ ಹರಿಬಿಟ್ಟ ದೂರು ಬಂದರೆ ಅದು ಕಾಲೇಜಿನ ಆಂತರಿಕ ದೂರು ಸಮಿತಿಗೆ ಅದೇ ದಿನ ಹೋಗಬೇಕು. ಹಣದ ವಂಚನೆಯಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಏಕೆಂದರೆ ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಈ ಸಂಖ್ಯೆಯನ್ನು ನಿಯಮಾವಳಿಯಲ್ಲೇ ಅಚ್ಚು ಮಾಡಿಸಿ. ತಪ್ಪಿಗೆ ಶಿಕ್ಷೆಯೆಂದು ಪರೀಕ್ಷಾ ಅರ್ಜಿ ತುಂಬುವ ಅವಕಾಶವನ್ನೋ ಗ್ರಂಥಾಲಯದ ಕಂಪ್ಯೂಟರನ್ನೋ ಕಿತ್ತುಕೊಳ್ಳಬೇಡಿ. ಓದಿಗೆ ಬೇಕಾದದ್ದನ್ನು ತಡೆಯುವ ಶಿಕ್ಷೆ ಬಡ ವಿದ್ಯಾರ್ಥಿಗೆ ಮಾತ್ರ ತಟ್ಟುತ್ತದೆ.

ಎಐ ಕುರಿತು ಪ್ರತ್ಯೇಕ ದೊಡ್ಡ ನೀತಿ ಈಗ ಬೇಕಿಲ್ಲ. ವಿದ್ಯಾರ್ಥಿಯ ಬರಹ ಯಂತ್ರದ್ದೇ ಎಂದು ಪತ್ತೆಹಚ್ಚುತ್ತೇವೆ ಎನ್ನುವ ತಂತ್ರಾಂಶಗಳಿಗೆ ಹಣ ಕೊಡಬೇಡಿ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತಾನು ಬಿಡುಗಡೆ ಮಾಡಿದ್ದ ಅಂಥ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅಂಥ ಯಂತ್ರದ ಮಾತಿನ ಮೇಲೆ ಒಬ್ಬ ವಿದ್ಯಾರ್ಥಿಯ ಅಂಕ ಕಡಿಯುವುದು ಅನ್ಯಾಯ. ಬಳಸಿದ್ದರೆ ಯಾವುದಕ್ಕೆ ಬಳಸಿದೆ ಎಂದು ಕೊನೆಯಲ್ಲಿ ಎರಡು ಸಾಲು ಬರೆಯಬೇಕು, ಸಲ್ಲಿಸಿದ್ದರ ಬಗ್ಗೆ ಐದು ನಿಮಿಷ ಮೌಖಿಕವಾಗಿ ಉತ್ತರಿಸಬೇಕು ಎಂಬ ಎರಡು ಶರತ್ತುಗಳಿಂದ ಆರಂಭಿಸಿ. ನಿಯೋಜಿತ ಕಾರ್ಯದ ವಿಷಯವೂ ಬದಲಾಗಲಿ: ತಮ್ಮ ಬಿ.ಕಾಂ. ವಿದ್ಯಾರ್ಥಿ ತನ್ನ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕ ಇಡುವ ಕ್ರಮವನ್ನು ನೋಡಿ ಬರೆದುಕೊಂಡು ಬಂದರೆ ಅದನ್ನು ಯಾವ ಯಂತ್ರವೂ ಅವನ ಬದಲಿಗೆ ಹೋಗಿ ನೋಡಿ ಬರಲಾರದು.

ಇನ್ನು ಆ ಕಂಪನಿಗೆ ಕೊಡಬೇಕಾದ ಉತ್ತರ. ಸ್ಮಾರ್ಟ್ ಬೋರ್ಡ್ ಬದಲಿಗೆ ಎರಡು ಕೊಠಡಿಗೆ ಪ್ರೊಜೆಕ್ಟರ್ ಸಾಕು. ಅದನ್ನು ಮೂರು ಕೊಟೇಶನ್ ಪಡೆದು ಯಾವ ಅಂಗಡಿಯಿಂದಲೂ ಕೊಳ್ಳಬಹುದು. ಆ್ಯಪ್ ಬೇಕೇಬೇಕೆಂದು ಆಡಳಿತ ಮಂಡಳಿಯವರು ಒತ್ತಾಯಿಸಿದರೆ, ಲಿಖಿತವಾಗಿ ಈ ಪ್ರಶ್ನೆಗಳನ್ನು ಕೇಳಿ: ಎರಡನೆಯ ಮತ್ತು ಮೂರನೆಯ ವರ್ಷದ ಶುಲ್ಕ ಎಷ್ಟು, ವಿದ್ಯಾರ್ಥಿಗಳ ಮಾಹಿತಿ ಎಲ್ಲಿ ಇರುತ್ತದೆ, ಅದನ್ನು ಜಾಹೀರಾತಿಗೋ ಬೇರೆಯವರಿಗೋ ಕೊಡುವುದಿಲ್ಲವೆಂದು ಬರೆದುಕೊಡುತ್ತೀರಾ, ಒಪ್ಪಂದ ಮುಗಿದ ದಿನ ಎಲ್ಲ ದಾಖಲೆಗಳನ್ನು ಸಾಮಾನ್ಯ ಎಕ್ಸೆಲ್ ಕಡತದಲ್ಲಿ ಮರಳಿಸಿ ನಿಮ್ಮಲ್ಲಿರುವುದನ್ನು ಅಳಿಸುತ್ತೀರಾ, ಯುಯುಸಿಎಂಎಸ್‌ನಲ್ಲಿ ಈಗಾಗಲೇ ಆಗುತ್ತಿರುವ ಯಾವ ಕೆಲಸದ ಶ್ರಮ ಇದರಿಂದ ತಪ್ಪುತ್ತದೆ? ಈ ಐದಕ್ಕೂ ಸಹಿ ಮಾಡಿದ ಕಾಗದದಲ್ಲಿ ಸ್ಪಷ್ಟ ಉತ್ತರ ಕೊಟ್ಟರೆ ಮಾತುಕತೆ ಮುಂದುವರಿಸಿ. ಕೊಡದಿದ್ದರೆ ರಿಯಾಯಿತಿಯ ಗಡುವು ಕಳೆದುಹೋಗಲಿ, ಅಷ್ಟರಲ್ಲಿ ಗ್ರಂಥಾಲಯದ ಸಹಾಯ ಕೇಂದ್ರಕ್ಕೆ ಜನ ಬೇಕಾಗಿದ್ದಾರೆಂಬ ಪ್ರಕಟಣೆಯನ್ನು ಹೊರಡಿಸಿ.